ಸಮ ಅಂತರದ ನಕಲು: ಯಾವ ವಿಧಾನ ಯಾವ ಕೆಲಸಕ್ಕೆ

ಲಗ್ನಪತ್ರಿಕೆಯ ಮೇಲಂಚಿಗೆ ಮಾವಿನಕಾಯಿ ಬುಟ್ಟಾಗಳ ಸಾಲೊಂದು ಬೇಕು. ಕಂಪ್ಯೂಟರಿನ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ಬುಟ್ಟಾ ಬರೆದು ಬಣ್ಣ ತುಂಬಿಯಾಗಿದೆ. ಉಳಿದವನ್ನು ಅದರ ಪಕ್ಕದಲ್ಲಿ ಒಂದೇ ಅಂತರದಲ್ಲಿ ಕೂರಿಸುವುದಷ್ಟೇ ಬಾಕಿ. ಈ ಹಂತದಲ್ಲಿ ಸಲಹೆ ಕೇಳಿದರೆ ಕೊರೆಲ್‌ಡ್ರಾದಲ್ಲಿ ಪಳಗಿದವರು ಸ್ಟೆಪ್ ಅಂಡ್ ರಿಪೀಟ್ ಎನ್ನುತ್ತಾರೆ. ಇಲಸ್ಟ್ರೇಟರ್ ಬಳಸುವವರು ಆಲ್ಟ್ ಹಿಡಿದು ಎಳೆದು ಕಂಟ್ರೋಲ್-ಡಿ ಒತ್ತುತ್ತಾ ಹೋಗಿ ಎನ್ನುತ್ತಾರೆ. ಇಂಕ್‌ಸ್ಕೇಪ್‌ನವರು ಟೈಲ್ಡ್ ಕ್ಲೋನ್ಸ್ ಎನ್ನುತ್ತಾರೆ. ಇನ್ನೊಬ್ಬರು ಬ್ಲೆಂಡ್ ಮಾಡಿ ಮುಗಿಸಿ ಎಂದುಬಿಡುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ನಿತ್ಯದ ಕೆಲಸಕ್ಕೆ ಒಗ್ಗಿದ ದಾರಿಯನ್ನೇ ಹೇಳುತ್ತಿರುವುದರಿಂದ, ವಿಸಿಟಿಂಗ್ ಕಾರ್ಡಿಗೆ ಒಪ್ಪುವ ಉಪಾಯ ರಂಗೋಲಿಯ ಚುಕ್ಕಿಗೆ ಒಪ್ಪದೆ, ಚುಕ್ಕಿಗೆ ಒಪ್ಪಿದ್ದು ಗಡಿಯಾರದ ಮುಖಕ್ಕೆ ಒಪ್ಪದೆ ಹೋಗುತ್ತದೆ. ಆದ್ದರಿಂದ ಇಲ್ಲಿ ತಂತ್ರಾಂಶಗಳನ್ನಲ್ಲ, ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲಾಗಿದೆ.

ಮೊದಲು ಅಳತೆ, ಆಮೇಲೆ ವಿಧಾನ

ಸಮ ಅಂತರದ ಯಾವುದೇ ಸಾಲಿನಲ್ಲಿ ಮೂರು ಅಂಕಿಗಳಿರುತ್ತವೆ: ಎಷ್ಟು ವಸ್ತುಗಳು, ಅವುಗಳ ನಡುವೆ ಎಷ್ಟು ಜಾಗ, ಇಡೀ ಸಾಲಿನ ಉದ್ದ ಎಷ್ಟು. ಎರಡನ್ನು ನೀವು ಹಿಡಿದರೆ ಮೂರನೆಯದು ತಾನಾಗಿ ಬರುತ್ತದೆ. ಮೂರನ್ನೂ ಹಿಡಿಯಲು ಹೊರಟರೆ ಯಾವ ತಂತ್ರಾಂಶವೂ ನೆರವಾಗದು. ಪತ್ರಿಕೆಯ ಅಂಚು 170 ಮಿ.ಮೀ. ಉದ್ದವಿದೆ, ಒಂದು ಬುಟ್ಟಾ 12 ಮಿ.ಮೀ. ಅಗಲವಿದೆ, ನಡುವೆ ಸುಮಾರು 4 ಮಿ.ಮೀ. ಜಾಗ ಇರಲಿ ಎಂಬುದು ನಿಮ್ಮ ಆಸೆ ಎಂದುಕೊಳ್ಳೋಣ. ಒಂದು ಬುಟ್ಟಾ ಮತ್ತು ಒಂದು ಜಾಗ ಸೇರಿ 16; ಕೊನೆಯ ಬುಟ್ಟಾದ ಮುಂದೆ ಜಾಗ ಬೇಕಿಲ್ಲವಾದ್ದರಿಂದ ಆ 4ನ್ನು ಉದ್ದಕ್ಕೆ ಕೂಡಿಸಿ, 174ನ್ನು 16ರಿಂದ ಭಾಗಿಸಿದರೆ 10.875 ಬರುತ್ತದೆ, ಅಂದರೆ ಆಸೆ ಹಾಗೇ ಈಡೇರುವುದಿಲ್ಲ. 11 ಬುಟ್ಟಾ ಇಟ್ಟರೆ ಜಾಗ 3.8 ಮಿ.ಮೀ.ಗೆ ಇಳಿಯುತ್ತದೆ, 10 ಇಟ್ಟರೆ ಸುಮಾರು 5.56 ಮಿ.ಮೀ.ಗೆ ಏರುತ್ತದೆ. ಉದ್ದದಲ್ಲಿ ಎಲ್ಲ ಬುಟ್ಟಾಗಳ ಅಗಲವನ್ನು ಕಳೆದು, ಉಳಿದದ್ದನ್ನು ಬುಟ್ಟಾಗಳ ಸಂಖ್ಯೆಗಿಂತ ಒಂದು ಕಡಿಮೆ ಮಾಡಿ ಭಾಗಿಸುವುದು ಇಲ್ಲಿನ ಲೆಕ್ಕ. ಬೇಲಿಗೆ ಕಂಬ ನೆಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹನ್ನೊಂದು ಕಂಬಕ್ಕೆ ಹತ್ತೇ ಸಂದು. ಸಾಲು ಸುತ್ತಿ ಬಂದು ತಾನು ಹೊರಟ ಜಾಗಕ್ಕೇ ಸೇರುವ ವೃತ್ತದಲ್ಲಿ ಮಾತ್ರ ಕಂಬದಷ್ಟೇ ಸಂದುಗಳಿರುತ್ತವೆ.

ಎರಡನೆಯ ಪ್ರಶ್ನೆ, ಅಂತರವೆಂದರೆ ಎಲ್ಲಿಂದ ಎಲ್ಲಿಗೆ ಎಂಬುದು. ಒಂದರ ಬಲ ಅಂಚಿನಿಂದ ಮುಂದಿನದರ ಎಡ ಅಂಚಿಗೆ ಅಳೆಯುವುದು ಒಂದು ಬಗೆ. ಒಂದರ ನಡುವಿನಿಂದ ಮುಂದಿನದರ ನಡುವಿಗೆ ಅಳೆಯುವುದು ಇನ್ನೊಂದು. ಮೊದಲನೆಯದಕ್ಕೆ ಸಂದು ಎನ್ನೋಣ, ಎರಡನೆಯದಕ್ಕೆ ಹೆಜ್ಜೆ. ಮೇಲಿನ ಲೆಕ್ಕದಲ್ಲಿ ಸಂದು 3.8 ಆದರೆ ಹೆಜ್ಜೆ 15.8. ತಂತ್ರಾಂಶ ಕೇಳುತ್ತಿರುವುದು ಇವೆರಡರಲ್ಲಿ ಯಾವುದನ್ನು ಎಂದು ನೋಡದೆ ಅಂಕಿ ತುಂಬಿದ್ದೇ ಅರ್ಧಕ್ಕರ್ಧ ತಪ್ಪುಗಳ ಮೂಲ.

ಮೂರನೆಯದು ಗೆರೆಯ ದಪ್ಪ. 20 ಮಿ.ಮೀ. ಚೌಕಕ್ಕೆ 1 ಮಿ.ಮೀ. ದಪ್ಪದ ಗೆರೆ ಹಾಕಿದರೆ ಕಣ್ಣಿಗೆ ಕಾಣುವ ಅಗಲ 21 ಆಗುತ್ತದೆ, ಏಕೆಂದರೆ ಗೆರೆಯ ಅರ್ಧ ಭಾಗ ಪ್ರತಿ ಬದಿಯಲ್ಲೂ ಆಚೆಗೆ ಚಾಚಿರುತ್ತದೆ. ಇಂಕ್‌ಸ್ಕೇಪ್‌ನ ಆದ್ಯತೆಗಳಲ್ಲಿ ಬೌಂಡಿಂಗ್ ಬಾಕ್ಸ್, ಅಂದರೆ ವಸ್ತುವನ್ನು ಸುತ್ತುವರಿದು ಅದರ ಅಳತೆ ತೋರಿಸುವ ಚೌಕಟ್ಟು, ಕಾಣುವ ಅಳತೆಯದೋ ಜ್ಯಾಮಿತಿಯ ಅಳತೆಯದೋ ಎಂದು ಆರಿಸಬಹುದು. ಇಲಸ್ಟ್ರೇಟರ್‌ನಲ್ಲಿ ಯೂಸ್ ಪ್ರಿವ್ಯೂ ಬೌಂಡ್ಸ್ ಎಂಬ ಆಯ್ಕೆ ಇದೇ ಕೆಲಸ ಮಾಡುತ್ತದೆ. ಕೆಲಸ ಶುರುವಾಗುವ ಮುನ್ನವೇ ಇದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಉಳಿದ ಎರಡು ಪ್ರಶ್ನೆಗಳು ಸರಳ. ಮೂಲ ವಸ್ತು ಅಥವಾ ಅಂತರ ನಾಳೆ ಬದಲಾಗಬಹುದೇ? ಮುಗಿದ ಕಡತ ಹೋಗುವುದು ಎಲ್ಲಿಗೆ, ಪ್ರೆಸ್ಸಿಗೋ, ಲೇಸರ್ ಕಟಿಂಗ್ ಯಂತ್ರಕ್ಕೋ, ಪರದೆಗೋ?

ಎಳೆದು ಪುನರಾವರ್ತಿಸುವುದು

ಎಲ್ಲಕ್ಕಿಂತ ಬೇಗ ಕೈಗೂಡುವ ವಿಧಾನವಿದು. ಇಲಸ್ಟ್ರೇಟರ್‌ನಲ್ಲಿ ಆಲ್ಟ್ ಹಿಡಿದು ಎಳೆದು ಒಂದು ನಕಲು ಮಾಡಿ, ಕಂಟ್ರೋಲ್-ಡಿ ಒತ್ತಿದಷ್ಟು ಸಲವೂ ಅದೇ ಹೆಜ್ಜೆಯಲ್ಲಿ ಹೊಸ ನಕಲು ಬರುತ್ತದೆ. ಕೊರೆಲ್‌ಡ್ರಾದಲ್ಲಿ ಎಳೆಯುತ್ತಿರುವಾಗಲೇ ಮೌಸಿನ ಬಲಗುಂಡಿ ಒತ್ತಿ ನಕಲು ಬಿಟ್ಟು, ಆಮೇಲೆ ಕಂಟ್ರೋಲ್-ಆರ್ ಒತ್ತುತ್ತಾ ಹೋಗಬೇಕು. ಅಫಿನಿಟಿಯಲ್ಲಿ ಕಂಟ್ರೋಲ್-ಜೆ ಒತ್ತಿ ನಕಲು ಮಾಡಿ, ಆಯ್ಕೆಯನ್ನು ಬಿಡದೆ ಅದನ್ನು ಸರಿಸಿ, ಮತ್ತೆ ಕಂಟ್ರೋಲ್-ಜೆ ಒತ್ತಿದರೆ ಅದು ನಿಮ್ಮ ಚಲನೆಯನ್ನು ನೆನಪಿಟ್ಟುಕೊಂಡಿರುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟಿದವರನ್ನು ಮೊದಲು ಕಾಡುವುದು ಈ ಶಾರ್ಟ್‌ಕಟ್‌ಗಳೇ. ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್-ಡಿ ಒತ್ತಿದರೆ ನಕಲು ಮೂಲದ ಮೇಲೆಯೇ ಸರಿಯಾಗಿ ಕೂರುತ್ತದೆ. ಏನೂ ಆಗಲಿಲ್ಲವೆಂದು ಭಾವಿಸಿ ನಾಲ್ಕು ಸಲ ಒತ್ತಿದವರ ಚಿತ್ರದಲ್ಲಿ ನಾಲ್ಕು ಪದರಗಳು ಸದ್ದಿಲ್ಲದೆ ಸೇರಿಕೊಂಡಿರುತ್ತವೆ.

ಈ ವಿಧಾನದಲ್ಲಿ ಅಂತರವನ್ನು ನಿರ್ಧರಿಸುವುದು ಕಣ್ಣು. ಸಾಲು ಎಲ್ಲಿ ಮುಗಿದರೂ ನಡೆಯುತ್ತದೆ ಎನ್ನುವಂಥ ಕಡೆ, ಹಿನ್ನೆಲೆಯ ಅಲಂಕಾರಕ್ಕೆ, ಕರಡು ವಿನ್ಯಾಸಕ್ಕೆ ಇಷ್ಟು ಸಾಕು. ಉದ್ದ ನಿಶ್ಚಿತವಾಗಿರುವ ಕೆಲಸಕ್ಕೆ ಸಲ್ಲದು.

ಅಂಕಿ ಕೊಟ್ಟು ನಕಲಿಸುವುದು

ಮುದ್ರಣದ ಕೆಲಸ ಮಾಡುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಕೊರೆಲ್‌ಡ್ರಾದ ಸ್ಟೆಪ್ ಅಂಡ್ ರಿಪೀಟ್ ಫಲಕವನ್ನು ಕಂಟ್ರೋಲ್-ಶಿಫ್ಟ್-ಡಿ ಒತ್ತಿ ತೆರೆದರೆ, ಆಫ್‌ಸೆಟ್ ಬೇಕೋ ವಸ್ತುಗಳ ನಡುವಿನ ಸ್ಪೇಸಿಂಗ್ ಬೇಕೋ ಎಂದು ಅದೇ ಕೇಳುತ್ತದೆ. ಆಫ್‌ಸೆಟ್ ಎಂದರೆ ನಮ್ಮ ಹೆಜ್ಜೆ, ಸ್ಪೇಸಿಂಗ್ ಎಂದರೆ ಸಂದು. ಈ ಎರಡು ಅಳತೆಗಳನ್ನು ಇಷ್ಟು ನೇರವಾಗಿ ಬೇರ್ಪಡಿಸಿ ಕೇಳುವುದರಿಂದಲೇ ಹೊಸಬರಿಗೆ ಕೊರೆಲ್‌ಡ್ರಾ ಇಲ್ಲಿ ಸುಲಭವೆನಿಸುತ್ತದೆ. ಇಲಸ್ಟ್ರೇಟರ್‌ನಲ್ಲಿ ವಸ್ತುವನ್ನು ಆಯ್ದು ಎಂಟರ್ ಒತ್ತಿದಾಗ ತೆರೆಯುವ ಮೂವ್ ಪೆಟ್ಟಿಗೆ ಹೆಜ್ಜೆಯನ್ನು ಮಾತ್ರ ಕೇಳುತ್ತದೆ. ಅಂಕಿ ಬರೆದು ಕಾಪಿ ಒತ್ತಿ, ಆಮೇಲೆ ಕಂಟ್ರೋಲ್-ಡಿಯಿಂದ ಮುಂದುವರಿಯಬೇಕು. ಎರಡರಲ್ಲೂ ಲೆಕ್ಕಕ್ಕೆ ಬರುವುದು ಹೊಸ ನಕಲುಗಳು ಮಾತ್ರ, ಮೂಲ ಸೇರುವುದಿಲ್ಲ. ಒಟ್ಟು 11 ಬೇಕಿದ್ದರೆ 10 ಎಂದು ಕೊಡಬೇಕು.

ವಿಸಿಟಿಂಗ್ ಕಾರ್ಡನ್ನು ಹಾಳೆಗೆ ಜೋಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಹೆಜ್ಜೆ ಮತ್ತು ಸಂದಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕಾರ್ಡು 90×54 ಮಿ.ಮೀ., ಹಾಳೆ 13×19 ಇಂಚು, ಅಂದರೆ ಸುಮಾರು 330×483 ಮಿ.ಮೀ. ಕತ್ತರಿಸುವಾಗ ಬಿಳಿ ಅಂಚು ಕಾಣದಿರಲೆಂದು ಸುತ್ತಲೂ 2 ಮಿ.ಮೀ. ಬ್ಲೀಡ್ ಬಿಟ್ಟರೆ ನೀವು ನಕಲಿಸುತ್ತಿರುವ ವಸ್ತುವಿನ ಅಳತೆ 90×54 ಆಗಿ ಉಳಿಯದೆ 94×58 ಆಗುತ್ತದೆ. ಬ್ಲೀಡ್ ಸಮೇತ ಪಕ್ಕಪಕ್ಕ ಕೂರಿಸುವಾಗ ಸ್ಪೇಸಿಂಗ್ ಸೊನ್ನೆ, ಹೆಜ್ಜೆ ಅಡ್ಡಕ್ಕೆ 94 ಮತ್ತು ಉದ್ದಕ್ಕೆ 58. ಅಡ್ಡಕ್ಕೆ 3 ಕಾರ್ಡು ಎಂದರೆ 282, ಉದ್ದಕ್ಕೆ 8 ಎಂದರೆ 464. ಹಾಳೆಯ ಎಡ ಬಲಕ್ಕೆ ತಲಾ 24 ಮಿ.ಮೀ., ಮೇಲೆ ಕೆಳಗೆ ತಲಾ 9.5 ಮಿ.ಮೀ. ಉಳಿದು ಒಟ್ಟು 24 ಕಾರ್ಡುಗಳು ಕೂರುತ್ತವೆ. ಅಭ್ಯಾಸಬಲದಿಂದ ಹೆಜ್ಜೆಗೆ 90 ಎಂದು ಬರೆದರೆ ಒಂದು ಕಾರ್ಡಿನ ಬ್ಲೀಡ್ ಪಕ್ಕದ ಕಾರ್ಡಿನೊಳಗೆ ನುಗ್ಗುತ್ತದೆ, ಕತ್ತರಿಸುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಮೂರರ ಒಂದು ಸಾಲು ಮಾಡಿ, ಇಡೀ ಸಾಲನ್ನು ಆಯ್ದು ಕೆಳಗೆ 7 ನಕಲು ಇಳಿಸುವುದು ಕ್ರಮ. ಅಡ್ಡ ಮತ್ತು ಉದ್ದ ಎರಡಕ್ಕೂ ಒಮ್ಮೆಗೇ ಅಂಕಿ ತುಂಬಿದರೆ ಕಾರ್ಡುಗಳು ಮೆಟ್ಟಿಲಿನಂತೆ ಓರೆಯಾಗಿ ಇಳಿಯುತ್ತವೆ.

ಕಸೂತಿಯ ನಕ್ಷೆ ತಯಾರಿಸುವವರಿಗೂ ಇದೇ ವಿಧಾನ ಸರಿ, ಆದರೆ ಬೇರೆ ಕಾರಣಕ್ಕೆ. ಧಾರವಾಡದ ಕಡೆಯ ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅಲ್ಲಿ 3.8 ಎಂಬ ಸಂದಿಗೆ ಅರ್ಥವೇ ಇಲ್ಲ. ಎಲ್ಲವೂ ಪೂರ್ಣ ಮನೆಗಳ ಲೆಕ್ಕದಲ್ಲಿ ಇರಬೇಕು. 13 ಮನೆ ಅಗಲದ ಗೋಪುರಕ್ಕೆ 3 ಮನೆ ಸಂದು ಬಿಟ್ಟರೆ ಹೆಜ್ಜೆ 16. ಹನ್ನೊಂದು ಗೋಪುರಗಳು 173 ಮನೆ ಹಿಡಿಯುತ್ತವೆ. ಸೆರಗಿನ ಅಗಲ ಅದಕ್ಕೆ ಹೊಂದದಿದ್ದರೆ ಬದಲಾಗಬೇಕಾದದ್ದು ಗೋಪುರದ ಅಗಲ ಅಥವಾ ಸಂಖ್ಯೆ, ಸಂದಿನ ಭಿನ್ನರಾಶಿಯಲ್ಲ.

ತುದಿಗಳನ್ನು ನೆಟ್ಟು ನಡುವೆ ಹಂಚುವುದು

ಉದ್ದ ಮತ್ತು ಸಂಖ್ಯೆ ಗೊತ್ತಿದ್ದು ಲೆಕ್ಕ ಹಾಕುವ ಮನಸ್ಸಿಲ್ಲದವರಿಗೆ ಡಿಸ್ಟ್ರಿಬ್ಯೂಟ್ ಆಜ್ಞೆ ವರವಿದ್ದಂತೆ. ಬೇಕಾದಷ್ಟು ನಕಲುಗಳನ್ನು ಹೇಗೋ ಮಾಡಿಕೊಂಡು, ಮೊದಲನೆಯದನ್ನು ಎಡ ತುದಿಗೂ ಕೊನೆಯದನ್ನು ಬಲ ತುದಿಗೂ ಇಟ್ಟು, ಎಲ್ಲವನ್ನೂ ಆಯ್ದು ಅಲೈನ್ ಫಲಕದಲ್ಲಿ ಸಂದುಗಳನ್ನು ಸಮ ಮಾಡುವ ಗುಂಡಿ ಒತ್ತಿದರೆ ತುದಿಗಳು ಕದಲದೆ ನಡುವಿನವು ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ನಮ್ಮ ಬುಟ್ಟಾಗಳ ನಡುವೆ 3.8 ತಾನಾಗಿ ಬಂದು ಕೂರುತ್ತದೆ. ಇಲಸ್ಟ್ರೇಟರ್‌ನಲ್ಲಿ ಒಂದನ್ನು ಮುಖ್ಯ ವಸ್ತುವೆಂದು ಕ್ಲಿಕ್ಕಿಸಿ, ನಿರ್ದಿಷ್ಟ ಸಂದನ್ನು ಅಂಕಿಯಲ್ಲೇ ಕೊಡುವ ಸೌಲಭ್ಯವೂ ಇದೆ.

ಬೇರೆಬೇರೆ ಅಗಲದ ವಸ್ತುಗಳಿದ್ದಾಗ ಮಾತ್ರ ಒಂದು ಎಚ್ಚರ ಬೇಕು, ಮತ್ತು ಕನ್ನಡದ ಅಕ್ಷರಗಳಲ್ಲಿ ಈ ತೊಡಕು ಬೇಗ ಕಾಣುತ್ತದೆ. ಮಕ್ಕಳಿಗೆ ಅಕ್ಷರ ತಿದ್ದುವ ಹಾಳೆ ಮಾಡುತ್ತಿದ್ದೀರಿ ಎನ್ನಿ. ರ ಕಿರಿದು, ಝ ಅಗಲ, ಸ್ತ್ರೀ ಎಂಬುದರ ಒತ್ತುಗಳು ಕೆಳಗೆ ಇಳಿಬಿದ್ದಿರುತ್ತವೆ. ಅಕ್ಷರಗಳನ್ನೇ ಸಂದು ನೋಡಿ ಹಂಚಿದರೆ ಅವುಗಳ ಕೇಂದ್ರಗಳು ಒಂದೇ ದೂರದಲ್ಲಿ ಬರುವುದಿಲ್ಲ. ಉದ್ದಕ್ಕೆ ಹಂಚಿದರೆ ಒತ್ತಿರುವ ಅಕ್ಷರ ಮೇಲಕ್ಕೆ ತಳ್ಳಲ್ಪಟ್ಟು ಸಾಲು ಕೆಡುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ, ಅಕ್ಷರವನ್ನು ಮುಟ್ಟದೆ ಖಾಲಿ ಚೌಕಗಳನ್ನು ಮೊದಲು ಅಂಕಿ ಕೊಟ್ಟು ನಕಲಿಸಿ, ಆಮೇಲೆ ಪ್ರತಿ ಅಕ್ಷರವನ್ನೂ ಅದರದರ ಚೌಕದಲ್ಲಿ ಅಡ್ಡಕ್ಕೆ ಮಾತ್ರ ನಡುವಿಗೆ ತಂದು, ಎತ್ತರವನ್ನು ಬೇಸ್‌ಲೈನಿಗೆ, ಅಂದರೆ ಅಕ್ಷರಗಳು ಕೂರುವ ಗೆರೆಗೆ, ಬಿಟ್ಟುಬಿಡುವುದು.

ಜೀವಂತ ನಕಲುಗಳು

ಮೇಲಿನ ಮೂರೂ ವಿಧಾನಗಳಲ್ಲಿ ನಕಲು ಒಮ್ಮೆ ಹುಟ್ಟಿದ ಮೇಲೆ ಮೂಲಕ್ಕೂ ಅದಕ್ಕೂ ನಂಟಿಲ್ಲ. ಹುಡುಗಿಯ ಕಡೆಯವರು ಬುಟ್ಟಾದ ಬಣ್ಣ ಬದಲಿಸಿ ಎಂದರೆ ಹನ್ನೊಂದನ್ನೂ ತಿದ್ದಬೇಕು, ಇಲ್ಲವೇ ಮೊದಲಿನಿಂದ ಮಾಡಬೇಕು. ಇಂಥ ತಿದ್ದುಪಡಿ ಬರುವುದು ಖಚಿತವೆಂದು ಅನುಭವ ಹೇಳುವ ಕಡೆ, ಮೂಲವನ್ನು ತಿದ್ದಿದರೆ ತಾವೂ ಬದಲಾಗುವ ಜೀವಂತ ನಕಲುಗಳನ್ನು ಬಳಸುವುದೇ ಜಾಣತನ. ಇಲಸ್ಟ್ರೇಟರ್‌ನಲ್ಲಿ ಇದಕ್ಕೆ ಎರಡು ಬಾಗಿಲು. ಒಂದು, ಟ್ರಾನ್ಸ್‌ಫಾರ್ಮ್ ಎಫೆಕ್ಟಿನಲ್ಲಿ ಹೆಜ್ಜೆ ಮತ್ತು ನಕಲುಗಳ ಸಂಖ್ಯೆ ಕೊಡುವುದು. ಅದರ ಮೇಲೆ ಇನ್ನೊಂದು ಟ್ರಾನ್ಸ್‌ಫಾರ್ಮ್ ಹಾಕಿ ಕೆಳಗೆ ಇಳಿಸಿದರೆ ಇಡೀ ಜಾಲ ಸಿದ್ಧ. ಎರಡು, ಆಬ್ಜೆಕ್ಟ್ ಮೆನುವಿನ ರಿಪೀಟ್, ಅದರಲ್ಲಿ ಗ್ರಿಡ್ ಮತ್ತು ರೇಡಿಯಲ್ ಎಂಬ ಬಗೆಗಳಿವೆ. ಇಂಕ್‌ಸ್ಕೇಪ್‌ನಲ್ಲಿ ಟೈಲ್ಡ್ ಕ್ಲೋನ್ಸ್ ಇದೆ.

ಟೈಲ್ಡ್ ಕ್ಲೋನ್ಸ್‌ನ ಪೆಟ್ಟಿಗೆ ಮೊದಲ ನೋಟಕ್ಕೆ ಹೆದರಿಸುತ್ತದೆ, ನಿಜ. ಆದರೆ ಸಂದು ಚುಕ್ಕಿಯ ರಂಗೋಲಿಗೆ ಅದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. 11 ಚುಕ್ಕಿಯಿಂದ 6ರವರೆಗೆ ಸಂದಿನಲ್ಲಿ ಇಳಿಯುವ ರಂಗೋಲಿಯಲ್ಲಿ ನಡುಸಾಲಿನ 11, ಅದರ ಮೇಲೆ ಮತ್ತು ಕೆಳಗೆ 10, 9, 8, 7, 6 ಸೇರಿ ಒಟ್ಟು 91 ಚುಕ್ಕಿಗಳಿರುತ್ತವೆ. ಚುಕ್ಕಿಯ ಅಗಲ 4 ಮಿ.ಮೀ., ಒಂದೇ ಸಾಲಿನಲ್ಲಿ ಚುಕ್ಕಿಯಿಂದ ಚುಕ್ಕಿಗೆ 20 ಮಿ.ಮೀ. ಹೆಜ್ಜೆ ಇರಲಿ. ಎಲ್ಲ ದಿಕ್ಕಿಗೂ ದೂರ ಒಂದೇ ಆಗಬೇಕಾದರೆ ಸಾಲಿನಿಂದ ಸಾಲಿಗೆ 20 ಇಟ್ಟರೆ ತಪ್ಪು. ಸಮಬಾಹು ತ್ರಿಕೋನದ ಎತ್ತರದ ಲೆಕ್ಕದಲ್ಲಿ 17.32 ಇಡಬೇಕು. ಟೈಲ್ಡ್ ಕ್ಲೋನ್ಸ್‌ನ ಶಿಫ್ಟ್ ಹಾಳೆ ಈ ಅಳತೆಗಳನ್ನು ವಸ್ತುವಿನ ಗಾತ್ರದ ಶೇಕಡಾವಾರಿನಲ್ಲಿ, ಅದೂ ವಸ್ತುವಿನ ಅಗಲವನ್ನು ಬಿಟ್ಟು ಹೆಚ್ಚುವರಿಯಾಗಿ ಕೇಳುತ್ತದೆ. ಹಾಗಾಗಿ ಕಾಲಂಗೆ ಅಡ್ಡ ಶಿಫ್ಟ್ 400, ಸಾಲಿಗೆ ಉದ್ದ ಶಿಫ್ಟ್ 333, ಸಾಲಿಗೆ ಅಡ್ಡ ಶಿಫ್ಟ್ 250. ಈ ಕೊನೆಯದಕ್ಕೆ ಆಲ್ಟರ್ನೇಟ್ ಗುರುತು ಹಾಕಿದರೆ ಸಾಲುಗಳು ಇಟ್ಟಿಗೆಯಂತೆ ಒಂದು ಬಿಟ್ಟು ಒಂದು ಸರಿಯುತ್ತವೆ. 11 ಸಾಲು, 11 ಕಾಲಂ ಮಾಡಿ, ಬದಿಗಳಲ್ಲಿ ಮಿಕ್ಕಿದ್ದನ್ನು ಅಳಿಸಿದರೆ ಆಯಿತು. ಚುಕ್ಕಿ ಸಣ್ಣದಾಗಲಿ ಎನಿಸಿದರೆ ಮೂಲದ ಒಂದನ್ನು ತಿದ್ದಿದರೆ ಉಳಿದವೆಲ್ಲ ಹಿಂಬಾಲಿಸುತ್ತವೆ. ಇಲಸ್ಟ್ರೇಟರ್ ಇದ್ದವರಿಗೆ ರಿಪೀಟ್ ಗ್ರಿಡ್ಡಿನ ಬ್ರಿಕ್ ಬೈ ರೋ ಆಯ್ಕೆ ಇಷ್ಟು ಲೆಕ್ಕವಿಲ್ಲದೆ ಅದೇ ರೂಪ ಕೊಡುತ್ತದೆ, ಆದರೆ ಒಂದೊಂದೇ ಚುಕ್ಕಿ ಅಳಿಸಲು ಮೊದಲು ಎಕ್ಸ್‌ಪ್ಯಾಂಡ್ ಮಾಡಬೇಕಾಗುತ್ತದೆ, ಅಂದರೆ ನಕಲುಗಳನ್ನು ಬಿಡಿ ವಸ್ತುಗಳಾಗಿಸಬೇಕಾಗುತ್ತದೆ.

ಜೀವಂತ ನಕಲಿಗೆ ತೆರಬೇಕಾದ ಬೆಲೆಯೂ ಇದೆ. ಟೈಲ್ಡ್ ಕ್ಲೋನ್ಸ್ ಮೂಲವನ್ನು ಅಲ್ಲಿಯೇ ಬಿಟ್ಟು ಅದರ ಮೇಲೆ ಮೊದಲ ಕ್ಲೋನನ್ನು ಇಡುತ್ತದೆ. ಮುದ್ರಣದಲ್ಲಿ ಇದು ಕಾಣುವುದಿಲ್ಲ. ಲೇಸರ್ ಕಟಿಂಗಿಗೆ ಕಳಿಸಿದರೆ ಆ ಒಂದು ತುಂಡಿನ ಗೆರೆಯ ಮೇಲೆ ಯಂತ್ರ ಎರಡು ಸಲ ಓಡಿ ಅಂಚು ಸುಟ್ಟು ಕಪ್ಪಾಗುತ್ತದೆ. ಇಲಸ್ಟ್ರೇಟರ್‌ನ ಎಫೆಕ್ಟನ್ನು ಎಕ್ಸ್‌ಪ್ಯಾಂಡ್ ಅಪಿಯರೆನ್ಸ್ ಮಾಡದೆ ಬೇರೆ ತಂತ್ರಾಂಶಕ್ಕೆ ಕೊಟ್ಟರೆ ಆಚೆ ಬದಿಯಲ್ಲಿ ಏನು ಕಾಣುತ್ತದೆ ಎಂಬ ಭರವಸೆ ಇಲ್ಲ. ನಾನೊಮ್ಮೆ ಹೀಗೆ ಕೊಟ್ಟ ಕಡತದಲ್ಲಿ ಅಂಚಿನ ಸಾಲಿಗೆ ಬದಲಾಗಿ ಮೂಲೆಯಲ್ಲಿ ಒಂದೇ ಹೂವು ಉಳಿದಿತ್ತು, ತಪ್ಪು ನನ್ನದೇ. ಕೆಲಸದ ಕಡತವನ್ನು ಜೀವಂತವಾಗಿ ಇಟ್ಟುಕೊಂಡು, ಕೊಡುವ ಪ್ರತಿಯಲ್ಲಿ ಮಾತ್ರ ಎಕ್ಸ್‌ಪ್ಯಾಂಡ್ ಮಾಡುವುದು, ಇಂಕ್‌ಸ್ಕೇಪ್ ಆದರೆ ಆಲ್ಟ್-ಶಿಫ್ಟ್-ಡಿ ಒತ್ತಿ ಕ್ಲೋನಿನ ನಂಟು ಕಡಿಯುವುದು, ಈಗ ನನಗೆ ರೂಢಿಯಾಗಿದೆ.

ಡೊಂಕು ದಾರಿ ಮತ್ತು ವೃತ್ತ

ತೋರಣದಂತೆ ಜೋತುಬಿದ್ದ ಗೆರೆಯ ಮೇಲೆ ಮಾವಿನೆಲೆ ಕೂರಿಸಬೇಕಾದಾಗ ಮೇಲಿನ ಯಾವುದೂ ನೇರವಾಗಿ ಒದಗುವುದಿಲ್ಲ. ಇಲ್ಲಿ ಎರಡು ವಸ್ತುಗಳ ನಡುವಿನ ಜಾಗವನ್ನು ಮಧ್ಯದ ರೂಪಗಳಿಂದ ತುಂಬುವ ಬ್ಲೆಂಡ್ ಬೇಕು. ಇಲಸ್ಟ್ರೇಟರ್‌ನಲ್ಲಿ ಎರಡು ತುದಿಗೆ ಎರಡು ಎಲೆ ಇಟ್ಟು, ಸ್ಪೆಸಿಫೈಡ್ ಸ್ಟೆಪ್ಸ್ ಎಂದು ಆರಿಸಿ, ರಿಪ್ಲೇಸ್ ಸ್ಪೈನ್ ಮೂಲಕ ನಿಮ್ಮ ಡೊಂಕು ಗೆರೆಯನ್ನು ಕೊಟ್ಟರೆ ಎಲೆಗಳು ಅದರ ಮೇಲೆ ಹರಡಿಕೊಳ್ಳುತ್ತವೆ. ಸ್ಟೆಪ್ಸ್ ಎಂಬುದು ನಡುವಿನ ಎಲೆಗಳ ಸಂಖ್ಯೆ ಮಾತ್ರ. ಒಟ್ಟು 21 ಬೇಕಿದ್ದರೆ 19 ಬರೆಯಬೇಕು. ಕೊರೆಲ್‌ಡ್ರಾದಲ್ಲೂ ಬ್ಲೆಂಡನ್ನು ಗೆರೆಗೆ ಕೂರಿಸಬಹುದು. ಇಂಕ್‌ಸ್ಕೇಪ್‌ನ ಪ್ಯಾಟರ್ನ್ ಅಲಾಂಗ್ ಪಾತ್ ಎಲೆಯನ್ನೇ ಗೆರೆಯ ಜೊತೆಗೆ ಬಗ್ಗಿಸುತ್ತದೆ. ಬಳ್ಳಿಗೆ ಅದು ಚಂದ, ಬಿಡಿ ಎಲೆಗೆ ಚಂದವಲ್ಲ. ಬಿಡಿ ಎಲೆಗೆ ಅದರ ಸ್ಕ್ಯಾಟರ್ ಎಂಬ ಎಕ್ಸ್‌ಟೆನ್ಶನ್ ಮೇಲು.

ವೃತ್ತಕ್ಕೆ ಬ್ಲೆಂಡ್ ಬಳಸಲು ಹೋಗಬೇಡಿ. ಮೊದಲ ಮತ್ತು ಕೊನೆಯ ವಸ್ತು ಸೇರುವ ಜಾಗದಲ್ಲಿ ಅದು ಸದಾ ತಕರಾರು ಮಾಡುತ್ತದೆ. ತಿರುಗಿಸಿ ನಕಲಿಸುವುದೇ ಸರಿಯಾದ ದಾರಿ: ಇಲಸ್ಟ್ರೇಟರ್‌ನ ರೊಟೇಟ್ ಉಪಕರಣದಲ್ಲಿ ಆಲ್ಟ್ ಹಿಡಿದು ಕೇಂದ್ರವನ್ನು ಕ್ಲಿಕ್ಕಿಸಿ, ಕೋನದ ಜಾಗದಲ್ಲಿ 360/12 ಎಂದೇ ಬರೆದು ಕಾಪಿ ಒತ್ತಿ, ಉಳಿದ ಹತ್ತಕ್ಕೆ ಕಂಟ್ರೋಲ್-ಡಿ. ಭಾಗಾಕಾರವನ್ನು ನೀವೇ ಮಾಡಿ ಬರೆಯುವುದಕ್ಕಿಂತ ತಂತ್ರಾಂಶಕ್ಕೆ ಬಿಡುವುದು ಒಳ್ಳೆಯದು, ವಿಶೇಷವಾಗಿ ಏಳು ದಳದ ಹೂವಿನಂಥ ಕಡೆ. 360ನ್ನು ಏಳರಿಂದ ಭಾಗಿಸಿದರೆ 51.428 ಎಂದು ಮುಗಿಯದೆ ಸಾಗುವ ಸಂಖ್ಯೆ ಬರುತ್ತದೆ, ಅದನ್ನು 51.4 ಎಂದು ಮೊಟಕು ಮಾಡಿದರೆ ಏಳನೆಯ ದಳದ ಹೊತ್ತಿಗೆ 0.2 ಡಿಗ್ರಿ ಸಂದು ಹೆಚ್ಚಿ, ದಳಗಳ ಅಂಚು ತಾಗಿರಬೇಕಾದ ಮಂಡಲದಲ್ಲಿ ಒಂದು ಕಡೆ ಬಿರುಕು ಕಾಣುತ್ತದೆ.

ಕಾಸಿನ ಮಾತು

ಬಜೆಟ್ಟು ಸೊನ್ನೆಯಾಗಿದ್ದರೆ ಇಂಕ್‌ಸ್ಕೇಪ್ ಇದೆ. ಸ್ವತಂತ್ರ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಸಮ ಅಂತರದ ವಿಷಯದಲ್ಲಿ ದುಡ್ಡು ಕೊಟ್ಟು ಕೊಂಡವುಗಳಿಗೆ ಅದು ಕಡಿಮೆಯೇನಲ್ಲ, ರಂಗೋಲಿ, ಕಸೂತಿ, ಲೇಸರ್ ಕೆಲಸಕ್ಕೆ ಧಾರಾಳ ಸಾಕು. ಆದರೆ ಅದು ಮೂಲತಃ ಆರ್‌ಜಿಬಿ ಎಂಬ, ಪರದೆಗೆ ಹೊಂದುವ ಕೆಂಪು-ಹಸಿರು-ನೀಲಿ ಬಣ್ಣಗಳಲ್ಲಿ ಕೆಲಸ ಮಾಡುವುದರಿಂದ ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ಹೋಗುವ ಪತ್ರಿಕೆಗೆ ನಾನು ಅದನ್ನು ಆರಿಸುವುದಿಲ್ಲ. 2024ರಲ್ಲಿ ಕ್ಯಾನ್ವಾದ ಪಾಲಾದ ಅಫಿನಿಟಿ 2025ರ ಕೊನೆಯಿಂದ ಉಚಿತವಾಗಿ ಸಿಗುತ್ತಿದ್ದು, ಮುದ್ರಣದ ಬಣ್ಣಗಳೂ ಬೇಕು, ಖರ್ಚೂ ಬೇಡ ಎನ್ನುವವರಿಗೆ ಅದು ಒಪ್ಪುತ್ತದೆ. ಇಲಸ್ಟ್ರೇಟರ್‌ಗೆ ಚಂದಾ ಕಟ್ಟುತ್ತಲೇ ಇರಬೇಕು. ತಿದ್ದುಪಡಿ ಮೇಲೆ ತಿದ್ದುಪಡಿ ಬರುವ ವೃತ್ತಿಯವರಿಗೆ ಜೀವಂತ ನಕಲುಗಳ ಕಾರಣಕ್ಕಾದರೂ ಆ ದುಡ್ಡು ಹುಟ್ಟುತ್ತದೆ, ವರ್ಷಕ್ಕೆರಡು ಪತ್ರಿಕೆ ಮಾಡುವವರಿಗೆ ಹುಟ್ಟುವುದಿಲ್ಲ. ನಮ್ಮ ಊರುಗಳ ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಅಂಗಡಿಗಳ ಜೊತೆ ದಿನವೂ ಕಡತ ಹಂಚಿಕೊಳ್ಳುವವರಾದರೆ ಕೊರೆಲ್‌ಡ್ರಾವನ್ನೇ ಕಲಿಯುವುದು ವ್ಯವಹಾರಕ್ಕೆ ಸುಲಭ, ಏಕೆಂದರೆ ಅಲ್ಲಿನ ಬಹುಪಾಲು ಮೇಜುಗಳ ಮೇಲೆ ತೆರೆದಿರುವುದು ಅದೇ. ಆ್ಯಪ್ ಮತ್ತು ಜಾಲತಾಣದ ಪರದೆಗಳನ್ನಷ್ಟೇ ವಿನ್ಯಾಸ ಮಾಡುವವರಿಗೆ ಫಿಗ್ಮಾದ ಆಟೋ ಲೇಔಟ್ ಸಾಕು. ಅಲ್ಲಿ ಸಂದು ಒಂದು ಅಂಕಿ, ಅದನ್ನು ಬದಲಿಸಿದರೆ ಸಾಲೆಲ್ಲ ಸರಿಯುತ್ತದೆ.

ಯಾವ ವಿಧಾನ ಹಿಡಿದರೂ ಕಡತವನ್ನು ಕೈಬಿಡುವ ಮುನ್ನ ಒಂದು ಪ್ರತಿ ಕಾಗದಕ್ಕೆ ತೆಗೆದು ಸ್ಕೇಲಿನಿಂದ ಅಳೆಯಬೇಕು. ಅಳೆಯುವಾಗ ಮೊದಲ ಎರಡು ಬುಟ್ಟಾಗಳ ನಡುವಿನ ಸಂದನ್ನು ನೋಡಿ ತೃಪ್ತಿಪಡಬೇಡಿ, ಅಲ್ಲಿ ಒಂದು ಕೂದಲೆಳೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೊದಲ ಬುಟ್ಟಾದ ಎಡ ಅಂಚಿನಿಂದ ಹನ್ನೊಂದನೆಯದರ ಬಲ ಅಂಚಿಗೆ ಸ್ಕೇಲಿಡಿ. ಹೆಜ್ಜೆಯಲ್ಲಿ 0.1 ಮಿ.ಮೀ. ತಪ್ಪಿದ್ದರೂ ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಅದು 1 ಮಿ.ಮೀ. ಆಗಿ ಅಲ್ಲಿ ಕಾಣಿಸಿಕೊಂಡಿರುತ್ತದೆ.